ದೂರಿನ ಜಪ, ಹೆಸರಿನ ಜಪ

ಜಪಕ್ಕೆ ಪುರುಸೊತ್ತಿಲ್ಲ ಅನ್ನುವ ಮನೆಗಳಲ್ಲೂ ಜಪ ನಡೆದೇ ಇರುತ್ತದೆ. ಡೇರಿಗೆ ಹಾಲು ಹಾಕಿ ಬರುವಾಗ, ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹರಡುವಾಗ, ತುಮಕೂರಿನಿಂದ ಬೆಂಗಳೂರಿಗೆ ಹೊರಟ ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ: ‘ಅವತ್ತು ಅವರಮ್ಮನ ಮುಂದೆ ನನ್ನ ಹಂಗಂದ್ರಲ್ಲ’, ‘ಒಂದಿನಾನಾದ್ರೂ ಊಟ ಆಯ್ತಾ ಅಂತ ಕೇಳಿದ್ದಾಳಾ’. ಅದೇ ಸಾಲು, ಅದೇ ರಾಗ, ದಿನಕ್ಕೆ ನೂರೆಂಟಕ್ಕೆ ಕಡಿಮೆಯಿಲ್ಲ. ಕೈಯಲ್ಲಿ ಮಣಿಸರ ಇರುವುದಿಲ್ಲ ಅಷ್ಟೆ. ನಿಷ್ಠೆಯಲ್ಲಿ ಯಾವ ಸಾಧಕನೂ ಇವರ ಸಮಕ್ಕೆ ಬರಲಾರ.

ಮದುವೆಯಾಗಿ ಹದಿನೈದು-ಇಪ್ಪತ್ತು ವರ್ಷ ಕಳೆದ ಮೇಲೆ ‘ಈಗ ಏನೂ ಅನ್ಸಲ್ಲ’ ಅನ್ನುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ. ನೆನಪು ಕೂರಬೇಕಾದ ಮಣೆಯ ಮೇಲೆ ದೂರು ಬಂದು ಕೂತಿದೆ. ಖಾಲಿ ಇರುವುದು ಮನಸ್ಸಿನ ಜಾಯಮಾನವಲ್ಲ, ಏನಾದರೊಂದನ್ನು ಅದು ತಿರುವಿ ಹಾಕುತ್ತಲೇ ಇರಬೇಕು. ಹಾಗಾಗಿ ‘ದೂರು ಬಿಟ್ಟುಬಿಡಿ’ ಎಂದು ಹಿರಿಯರು ಕೂರಿಸಿಕೊಂಡು ಹೇಳುವ ಬುದ್ಧಿಮಾತು ಮನೆಯ ಹೊಸಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಎಬ್ಬಿಸಿದ ಜಾಗದಲ್ಲಿ ಕೂರಿಸಲು ಇನ್ನೊಂದು ಬೇಕು. ಭಕ್ತರು ಅದನ್ನು ಸ್ಮರಣೆ ಅಂದರು. ಅದನ್ನು ಮಾಡುವ ಬಗೆಯನ್ನು ನೂರಾರು ವರ್ಷ ತಿದ್ದಿ ತೀಡಿದರು. ದೇವರಿಗಾಗಿ ಹದಗೊಂಡ ಆ ಕಸುಬನ್ನು ಸಂಸಾರದೊಳಗೆ ತರುವುದು ಹೇಗೆ, ತಂದಾಗ ಎಲ್ಲೆಲ್ಲಿ ಎಡವುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಭಾಗವತದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಸ್ಮರಣೆ ಮೂರನೆಯದು. ಮೊದಲು ಶ್ರವಣ, ಆಮೇಲೆ ಕೀರ್ತನೆ, ಆಮೇಲೆ ಸ್ಮರಣೆ. ಕಿವಿಗೆ ಬಿದ್ದದ್ದು ಬಾಯಿಗೆ ಬರುತ್ತದೆ, ಬಾಯಲ್ಲಿ ಆಡಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಸಂಸಾರಕ್ಕೆ ಈ ಕ್ರಮ ಬಹಳ ಮುಖ್ಯ. ಹೆಂಡತಿ ಹೇಳಿದ್ದನ್ನು ಗಂಡ ಕಿವಿಗೊಟ್ಟು ಕೇಳಿ ಮೂರು ವರ್ಷವಾಗಿದ್ದರೆ, ಅವನ ಬಳಿ ನೆನೆಯಲು ಇರುವ ಸರಕೆಲ್ಲ ಮೂರು ವರ್ಷ ಹಳೆಯದು. ಆಕೆ ಅಷ್ಟರಲ್ಲಿ ಬೇರೆಯೇ ಆಗಿರುತ್ತಾಳೆ.

ನಾರದ ಭಕ್ತಿಸೂತ್ರದ 84 ಸೂತ್ರಗಳಲ್ಲಿ ಒಂದು ಕಡೆ ನಾರದರು ತಮ್ಮ ಮತ ಹೇಳುತ್ತಾರೆ: ಮಾಡುವುದನ್ನೆಲ್ಲ ಅರ್ಪಿಸುವುದು, ಮರೆತಾಗ ತಡೆಯಲಾಗದ ತಳಮಳ ಪಡುವುದು, ಇದು ಭಕ್ತಿ. ಮರೆಯುವುದೇ ಇಲ್ಲ ಎಂದು ಅವರು ಹೇಳಿಲ್ಲ ನೋಡಿ. ಮರೆವು ಬರುತ್ತದೆ. ಮರೆತೆನಲ್ಲಾ ಎಂದು ಕಳವಳವಾಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ರಾಮಾನುಜರು ಧ್ಯಾನವನ್ನು ಎಣ್ಣೆಯ ಧಾರೆಯಂತೆ ಕಡಿಯದೆ ಸಾಗುವ ನೆನಪು ಎಂದರು. ಒಳ್ಳೆಯ ಹೋಲಿಕೆ. ಆದರೆ ಮಾರ್ಗಶಿರ-ಪುಷ್ಯದ ಚಳಿಯಲ್ಲಿ ಚಿಕ್ಕಬಳ್ಳಾಪುರದ ಕಡೆ ಕೊಬ್ಬರಿ ಎಣ್ಣೆಯಲ್ಲಿ ದೀಪ ಹಚ್ಚುವವರಿಗೆ ಗೊತ್ತು, ಬಾಟಲಿ ಬಗ್ಗಿಸಿದರೆ ಧಾರೆಯೂ ಇಲ್ಲ, ಹನಿಯೂ ಇಲ್ಲ. ಆಗ ಯಾರೂ ಎಣ್ಣೆ ಕೆಟ್ಟಿತೆಂದು ಚೆಲ್ಲುವುದಿಲ್ಲ. ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ಇಟ್ಟು ಮತ್ತೆ ಬಗ್ಗಿಸುತ್ತಾರೆ.

ಯೋಗಸೂತ್ರ ಬರೆದ ಪತಂಜಲಿ ಇನ್ನೂ ಲೆಕ್ಕಾಚಾರದ ಮನುಷ್ಯ. ಅಭ್ಯಾಸ ಗಟ್ಟಿ ನೆಲವಾಗಬೇಕಾದರೆ ಮೂರು ಬೇಕೆನ್ನುತ್ತಾನೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ತಿಪಟೂರು ಕಡೆಯ ಅಟ್ಟ ನೋಡಿದವರಿಗೆ ಮೊದಲ ಎರಡನ್ನು ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು-ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಸದ್ದು ಮಾಡುತ್ತದೆ. ಅವಸರಕ್ಕೆ ಅರ್ಧದಲ್ಲೇ ಒಡೆದರೆ ಇತ್ತ ಕಾಯೂ ಅಲ್ಲ, ಅತ್ತ ಕೊಬ್ಬರಿಯೂ ಅಲ್ಲ. ಮನೆಗಳಲ್ಲಿ ಸ್ಮರಣೆ ಸೋಲುವುದು ಹೆಚ್ಚಾಗಿ ಮೂರನೆಯದರಲ್ಲಿ. ಸತ್ಕಾರ ಅಂದರೆ ಆದರ. ಟೀವಿ ಸೀರಿಯಲ್ಲಿನ ಜಾಹೀರಾತಿನ ನಡುವೆ ಮಾಡಿದ ಜಪಕ್ಕೆ ದೀರ್ಘಕಾಲವೂ ಇರಬಹುದು, ನೈರಂತರ್ಯವೂ ಇರಬಹುದು, ಆದರ ಇರುವುದಿಲ್ಲ.

ಈಗ ಮಾಡುವ ಬಗೆ. ಒಟ್ಟು ಹನ್ನೆರಡು ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಮೊದಲಿಗೆ ಬೇಡವೇ ಬೇಡ. ‘ಬಿಡುವಾದಾಗ ಕೂರ್ತೀನಿ’ ಅಂದವರು ಕೂತದ್ದಿಲ್ಲ. ದಿನವೂ ಹೇಗೂ ನಡೆಯುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕಬೇಕು. ಸಂಜೆ ದೀಪ ಹಚ್ಚುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಸೂರ್ಯನೇ ನೆನಪು ಮಾಡಿಕೊಡುತ್ತಾನೆ. ಬೆಳಗಿನ ರೈಲು ಹಿಡಿಯುವವರು ಸೀಟು ಸಿಕ್ಕಿದ ಕೂಡಲೇ ಮಾಡಬಹುದು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊಡೆಯುವವರಿಗೆ ರಾತ್ರಿ ಹಗಲೆಲ್ಲ ಹೆಚ್ಚುಕಡಿಮೆ. ಅಂಥವರು ಗಾಡಿ ನಿಲ್ಲಿಸಿ ಮುಖ ತೊಳೆಯುವ ಗಳಿಗೆಗೆ ಕಟ್ಟಿಕೊಳ್ಳಲಿ.

ಕೂತು ಒಂದು ನಿಮಿಷ ಸುಮ್ಮನೆ ಉಸಿರು ನೋಡಿ. ಆಮೇಲೆ 108 ನಾಮ. ಯಾವ ಹೆಸರೆಂದು ಕೇಳಬೇಡಿ, ಮನೆದೇವರ ಹೆಸರೇ ಆಗಲಿ. ದೇವರಾಯನದುರ್ಗದ ಒಕ್ಕಲಾದರೆ ನರಸಿಂಹ, ಎಡೆಯೂರಿಗೆ ನಡೆದುಕೊಳ್ಳುವವರಾದರೆ ನಮಃ ಶಿವಾಯ, ಕೈವಾರದ ತಾತಯ್ಯನವರ ಮನೆತನದವರಾದರೆ ನಾರೇಯಣ. ಒಂದು ನಾಮಕ್ಕೆ ಮೂರು ಸೆಕೆಂಡು ಹಿಡಿದರೆ ಒಟ್ಟು 324 ಸೆಕೆಂಡು, ಐದೂವರೆ ನಿಮಿಷದ ಒಳಗೆ ಮುಗಿಯುತ್ತದೆ. ಮೂರು ನಿಮಿಷದಲ್ಲೇ ಮುಗಿದರೆ ಓಡಿಸಿದ್ದೀರಿ ಅಂತ ತಿಳಿಯಿರಿ. ಮಣಿಸರ ಹಿಡಿಯುವವರು ಮಧ್ಯದ ಬೆರಳ ಮೇಲಿಟ್ಟು ಹೆಬ್ಬೆರಳಿನಿಂದ ಸರಿಸಬೇಕು, ತೋರುಬೆರಳು ತಾಗಿಸುವುದಿಲ್ಲ. ಸರದ ಗಂಟಿನ ಬಳಿಯ ಮೇರು ಮಣಿ ಬಂದಾಗ ದಾಟದೆ ಹಿಂದಕ್ಕೆ ತಿರುಗಬೇಕು. ಸರವಿಲ್ಲದವರಿಗೆ ಬಲಗೈಯ ಗೆಣ್ಣುಗಳೇ ಸರ. ಉಂಗುರ ಬೆರಳಿನ ನಡುಗೆಣ್ಣು ಒಂದು, ಅದರ ಬುಡ ಎರಡು, ಕಿರುಬೆರಳಿನ ಬುಡ, ನಡು, ತುದಿ ಮೂರು-ನಾಲ್ಕು-ಐದು, ಉಂಗುರ ಬೆರಳಿನ ತುದಿ ಆರು, ಮಧ್ಯದ ಬೆರಳಿನ ತುದಿ ಏಳು, ತೋರುಬೆರಳಿನ ತುದಿಯಿಂದ ಬುಡಕ್ಕೆ ಎಂಟು-ಒಂಬತ್ತು-ಹತ್ತು. ಮಧ್ಯದ ಬೆರಳಿನ ಉಳಿದೆರಡು ಗೆಣ್ಣು ಮೇರು. ಹತ್ತು ಸುತ್ತು ಹಾಕಿ ಎಂಟು ಸೇರಿಸಿದರೆ ನೂರೆಂಟು. ಮೊಬೈಲಿನಲ್ಲಿ ಎಣಿಸುವ ಆ್ಯಪ್‌ಗಳಿವೆ, ಬಳಸದಿದ್ದರೆ ಒಳ್ಳೆಯದು. ಎಣಿಸಲು ತೆರೆದ ಫೋನು ಎಣಿಸಿ ಸುಮ್ಮನಿರುವುದಿಲ್ಲ.

ಜಪವಾದ ಮೇಲೆ ಮೂರು ನಿಮಿಷ, ಇದೇ ಈ ಬರಹದ ಹುರುಳು. ಸಂಗಾತಿಯ ಹೆಸರನ್ನು ಮನಸ್ಸಿನಲ್ಲಿ ಮೂರು ಸಲ ಹೇಳಿ. ನಗು ಬರಬಹುದು. ನಮ್ಮ ಕಡೆ ಮದುವೆಯಲ್ಲಿ ಹೊಸಿಲಿಗೆ ಅಡ್ಡ ನಿಂತು ‘ಗಂಡನ ಹೆಸರು ಹೇಳಿ ಒಳಗೆ ಬಾ’ ಅಂತ ಹುಡುಗಿಯನ್ನು ಕಾಡುತ್ತಾರೆ. ಅವತ್ತು ಹೇಳಿದ್ದೇ ಹೇಳಿದ್ದು, ಆಮೇಲೆ ನಲವತ್ತು ವರ್ಷ ‘ಇವ್ರು’, ‘ನಮ್ಮನೆಯವ್ರು’, ‘ಏನೂಂದ್ರೆ’. ಅವನದೂ ಅಷ್ಟೆ, ‘ಲೇ’, ‘ಇವಳೇ’, ಇಲ್ಲವೇ ಮಗಳ ಹೆಸರು ಸೇರಿಸಿ ‘ಅವಳ ಅಮ್ಮ’. ಕರೆಯುವ ರೂಢಿಯಲ್ಲಿ ಮರ್ಯಾದೆಯಿದೆ, ಅದನ್ನು ಬದಲಿಸಬೇಕೆಂದು ಹೇಳುತ್ತಿಲ್ಲ. ಆದರೆ ಹೆಸರೇ ಇಲ್ಲದ ಮನುಷ್ಯ ನಿಧಾನಕ್ಕೆ ಒಂದು ಹುದ್ದೆಯಾಗಿಬಿಡುತ್ತಾನೆ. ಮುಳಬಾಗಿಲಿನ ಶ್ರೀಪಾದರಾಜರಿಂದ ಮೊದಲ್ಗೊಂಡು ದಾಸರೆಲ್ಲ ಪ್ರತಿ ಹಾಡಿನ ಕೊನೆಗೂ ತಮ್ಮ ದೇವರನ್ನು ಹೆಸರಿಟ್ಟೇ ಕರೆದರು. ಎಷ್ಟು ಸಾವಿರ ಹಾಡಾದರೂ ಅಂಕಿತ ಬಿಡಲಿಲ್ಲ. ಹೆಸರು ಹಿಡಿದರೆ ಮುಖ ಬರುತ್ತದೆ.

ಮುಖ ಬಂದ ಮೇಲೆ ಕಳೆದ ಒಂದು ದಿನದೊಳಗೆ ಆ ಜೀವ ಮಾಡಿದ ಒಂದೇ ಒಂದು ಸಂಗತಿ ನೆನೆಯಿರಿ. ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು ಆಗಿರಬೇಕು. ‘ಅವರು ಬಹಳ ಒಳ್ಳೆಯವರು’ ಎಂಬುದು ನಡೆಯುವುದಿಲ್ಲ, ಅದು ತೀರ್ಪು. ‘ಬಂದವನೇ ಚಪ್ಪಲಿ ಬಿಡುವ ಮುಂಚೆ ಎಮ್ಮೆಗೆ ನೀರಿಟ್ಟ’, ‘ಅವರೆಕಾಳು ಹಿಸುಕುತ್ತಾ ಹಾಡು ಗುನುಗುತ್ತಿದ್ದಳು’, ‘ಮುದ್ದೆ ಮುರಿಯುವಾಗ ಅವರ ಬಲಗೈ ಹೆಬ್ಬೆರಳು ನೋಯುತ್ತಿತ್ತು ಅನ್ಸುತ್ತೆ, ಎಡಗೈಲಿ ಲೋಟ ಎತ್ತಿದರು’. ಇಂಥವು. ಮೊದಲ ವಾರ ಏನೂ ಸಿಗುವುದಿಲ್ಲ, ಏಕೆಂದರೆ ನೋಡಿರುವುದೇ ಇಲ್ಲ. ಸಂಜೆ ನೆನೆಯಲು ಏನೂ ಸಿಗದ ಮುಜುಗರವೇ ಮರುದಿನ ಬೆಳಗ್ಗೆ ಕಣ್ಣು ತೆರೆಸುತ್ತದೆ. ಶ್ರವಣಕ್ಕೂ ಸ್ಮರಣೆಗೂ ಇರುವ ಸಂಬಂಧ ಆಗ ಬಾಯಿಪಾಠ ಮಾಡದೆ ತಿಳಿಯುತ್ತದೆ.

ಕೊನೆಗೆ ಒಂದು ನಿಮಿಷ ನಿವೇದನೆ. ಇಂದು ನನ್ನಿಂದಾದ ಒಂದು ತಪ್ಪು, ಒಂದೇ. ಅದನ್ನು ದೇವರ ಮುಂದಿಡಿ. ಎದ್ದು ಹೋಗಿ ಸಂಗಾತಿಗೆ ವರದಿ ಒಪ್ಪಿಸುವುದು ಬೇಡ. ‘ಇವತ್ತು ನಿನ್ನ ಬಗ್ಗೆ ಒಳ್ಳೇದು ನೆನೆಸ್ಕೊಂಡೆ ಗೊತ್ತಾ’ ಎಂದ ಕೂಡಲೇ ಅದು ಸಾಲದ ಪುಸ್ತಕದ ನಮೂದಾಗುತ್ತದೆ. ಉಳಿದ ನಿಮಿಷ ದೀಪ ನೋಡುತ್ತಾ ಕೂತಿರಿ.

ದೇವರ ಹೆಸರು ಮೊದಲು, ಮನುಷ್ಯರ ಹೆಸರು ಆಮೇಲೆ ಎಂಬ ಕ್ರಮ ತಪ್ಪಿಸಬಾರದು. ಗಂಡನನ್ನೇ ದೇವರೆಂದುಕೋ ಎಂಬ ಉಪದೇಶ ನಮ್ಮಲ್ಲಿ ಬೇಕಾದಷ್ಟಿದೆ. ಭೀಮನ ಅಮಾವಾಸ್ಯೆಯಲ್ಲಿ ಪಾದಪೂಜೆ ಮಾಡುವ ಮನೆಗಳಲ್ಲಿ ಆ ದಿನದ ಮಟ್ಟಿಗೆ ಅದು ಚಂದವೇ. ನನ್ನ ತಕರಾರು ಎರಡು. ಒಂದು, ಅದು ಒಂದೇ ಕಡೆಯಿಂದ ಹರಿಯುತ್ತದೆ. ಎರಡು, ಮನುಷ್ಯರನ್ನು ದೇವರ ಪೀಠಕ್ಕೆ ಏರಿಸಿದರೆ ಅವರು ಜ್ವರ ಬಂದು ನರಳುವ ದಿನ, ಸಂಬಳ ಬಾರದ ದಿನ ದೇವರು ಕೆಳಗೆ ಬೀಳುತ್ತಾನೆ. ಸ್ಮರಣೆಯಲ್ಲಿ ಸಂಗಾತಿ ದೇವರ ಜಾಗದಲ್ಲಿಲ್ಲ, ದೇವರ ಮುಂದೆ ಕೂತಿದ್ದಾರೆ, ನೀವು ಕೂತಂತೆಯೇ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಟಾಗ ಹೆಂಡತಿ ಮೈತ್ರೇಯಿಗೆ ಹೇಳಿದ್ದೂ ಇದೇ ದಾರಿಯದು: ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ, ಹೆಂಡತಿ ಪ್ರಿಯಳಾಗುವುದೂ ಹಾಗೆಯೇ. ಸ್ವಾರ್ಥದ ಮಾತಿನಂತೆ ಕೇಳಿದರೂ ಇಬ್ಬರಲ್ಲೂ ಇರುವ ಒಂದನ್ನು ನೋಡು ಎಂಬ ಮಾತದು.

ಇಬ್ಬರೂ ಒಟ್ಟಿಗೆ ಕೂರಬೇಕೆ? ದಿನವೂ ಬೇಡ. ವಾರಕ್ಕೊಂದು ದಿನ ಸಾಕು. ಆ ದಿನ ಮೌನ ಜಪದ ಬದಲು ಭಜನೆ. ಒಬ್ಬರು ಸಾಲು ಹೇಳಿಕೊಡಬೇಕು, ಇನ್ನೊಬ್ಬರು ಹಿಂದೆ ಹೇಳಬೇಕು. ಮುಂದಿನ ವಾರ ಅದಲುಬದಲು. ಕೋಲಾರ, ಚಿಂತಾಮಣಿ ಕಡೆಯ ಭಜನೆ ಮನೆಗಳಲ್ಲಿ ತೆಲುಗು ಪದ, ಕನ್ನಡ ಪದ ಬೆರೆತೇ ಬರುತ್ತವೆ, ಯಾವುದಾದರೂ ಸರಿ. ಹಿಂದೆ ಹೇಳುವವರು ಮುಂದಿನವರ ಉಸಿರಿಗೆ ಕಾಯಲೇಬೇಕು, ಅವರು ಶ್ರುತಿ ತಪ್ಪಿದರೂ ಅದೇ ಶ್ರುತಿಗೆ ಇಳಿಯಬೇಕು. ಮನೆಯಲ್ಲಿ ಯಾವಾಗಲೂ ಮುಂದೆ ನಡೆಯುವವರಿಗೆ ಹಿಂದೆ ಹೇಳುವ ವಾರ ಭಾರೀ ಕಷ್ಟದ್ದು.

ಒಂದು ಮಂಡಲ, ಅಂದರೆ 48 ದಿನ ಹಿಡಿದು ಮಾಡಿ ಆಮೇಲೆ ಮುಂದಿನ ಮಾತು ಯೋಚಿಸಿ. ನಡುವೆ ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡುವ ವ್ರತವಲ್ಲ ಇದು. ತಪ್ಪಿದ್ದು ತಪ್ಪಿತು, ಮರುದಿನ ಎರಡರಷ್ಟು ಮಾಡಿ ಸರಿದೂಗಿಸುವುದೂ ಬೇಡ. ಮುಟ್ಟಿನ ದಿನ ದೀಪ ಮುಟ್ಟದ ಮನೆಗಳಲ್ಲಿ ಹೆಂಗಸರು ಇದನ್ನೂ ನಿಲ್ಲಿಸುವುದುಂಟು. ನಾಮಸ್ಮರಣೆಗೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ಕೂತಲ್ಲೇ ಮಾಡಬಹುದು.

ಕೆಡುವುದು ಎಲ್ಲಿ ಅಂದರೆ, ಮೊದಲನೆಯದು ಹಳೆಯ ಕಾಲದ ಮೋಹ. ಒಂದು ದಿನದೊಳಗಿನದೇ ಆಗಲಿ ಎಂದು ಮೇಲೆ ಹೇಳಿದ್ದು ಅದಕ್ಕೇ. ಮದುವೆಯಾದ ಹೊಸತರಲ್ಲಿ ನಂದಿ ಬೆಟ್ಟಕ್ಕೆ ಸ್ಕೂಟರಿನಲ್ಲಿ ಹೋದದ್ದನ್ನು ದಿನಾ ನೆನೆಯುವವರು ಎದುರಿಗಿರುವ ಐವತ್ತರ ಮನುಷ್ಯನನ್ನು ಇಪ್ಪತ್ತೈದರ ಹುಡುಗನ ಜೊತೆ ಹೋಲಿಸುತ್ತಾ ಸೋಲಿಸುತ್ತಿರುತ್ತಾರೆ. ಹಳೆಯದು ವಾರಕ್ಕೊಮ್ಮೆ ಸಾಕು, ಅದೂ ಇಬ್ಬರೂ ಕೂತು ಮಾತಾಡಿಕೊಂಡರೆ ಚೆನ್ನ.

ಎರಡನೆಯದು ಭಕ್ತಿಯ ಅಹಂಕಾರ, ಇದು ದೂರಿನ ಜಪಕ್ಕಿಂತ ಅಪಾಯ. ‘ನಾನು ಇಷ್ಟೆಲ್ಲ ಪೂಜೆ ಮಾಡ್ತೀನಿ, ನಿಮಗೊಂದು ನಮಸ್ಕಾರ ಹಾಕೋಕೂ ಆಗಲ್ಲ’ ಎಂಬ ಮಾತು ಬಾಯಿಗೆ ಬಂದ ದಿನ ಜಪವನ್ನು ಅರ್ಧಕ್ಕಿಳಿಸಿ. ಸಂಗಾತಿ ದೇವರನ್ನು ನಂಬದವರಾದರೆ ಅವರನ್ನು ಎಳೆದು ಕೂರಿಸುವ ಗೊಡವೆಯೇ ಬೇಡ. ಈ ಅಭ್ಯಾಸಕ್ಕೆ ಒಬ್ಬರು ಸಾಕು.

ಮೂರನೆಯದನ್ನು ಗುರುತಿಸುವುದು ಕಷ್ಟ: ಪೂಜೆಯ ಮನೆಯನ್ನು ಅಡಗುತಾಣ ಮಾಡಿಕೊಳ್ಳುವುದು. ಗಂಡ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಹೆಂಡತಿಯ ಸಹಸ್ರನಾಮ ಶುರುವಾಗುತ್ತದೆ, ಅಥವಾ ಹೆಂಡತಿ ಹಣದ ಮಾತೆತ್ತಿದ ಕೂಡಲೇ ಗಂಡನಿಗೆ ಮಠದ ಸೇವೆ ನೆನಪಾಗುತ್ತದೆ. ಹನ್ನೆರಡು ನಿಮಿಷ ನಲವತ್ತಾಗುತ್ತಾ ಹೋದರೆ ಭಕ್ತಿ ಹೆಚ್ಚಿತೆಂದು ಹಿಗ್ಗುವ ಮುಂಚೆ ಯಾರಿಂದ ತಪ್ಪಿಸಿಕೊಳ್ಳುತ್ತಿದ್ದೀರಿ ನೋಡಿಕೊಳ್ಳಿ. ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಕಾಯಕ ಮರೆತು ಕೂತಾಗ ಹೆಂಡತಿ ಲಕ್ಕಮ್ಮ ಎಬ್ಬಿಸಿ ಕಳಿಸಿದಳು. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಇಷ್ಟು ನಮಗೇಕೆ, ಹಿಂದಿರುಗಿಸಿ ಬನ್ನಿ ಅಂದಳು. ನೆನೆಯುವುದರ ಜೊತೆಗೆ ನೆನಪಿಸುವುದೂ ಇದೆ. ಲಕ್ಕಮ್ಮನ ಮಾತನ್ನು ಮಾರಯ್ಯ ಕೇಳಿದ ಎಂಬುದನ್ನು ಗಂಡಸರು ಬೇಗ ಮರೆಯುತ್ತಾರೆ.

ಜಗಳವಾದ ದಿನದ ಬಗ್ಗೆ ಬೇರೆಯೇ ಹೇಳಬೇಕು. ಶಿಡ್ಲಘಟ್ಟದ ಸುತ್ತ ರೇಷ್ಮೆ ಮೇಯಿಸುವವರಿಗೆ ಹುಳು ಜ್ವರಕ್ಕೆ ಕೂರುವುದು ಗೊತ್ತು. ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಚರ್ಮ ಬಿಡಬೇಕು, ಪ್ರತಿ ಸಲವೂ ಸುಮಾರು ಒಂದು ದಿನ ಹುಳು ತಲೆಯೆತ್ತಿ ಅಲುಗದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಪಳಗಿದವರು ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಿರುವಂತೆ ನೋಡಿಕೊಂಡು ಸುಮ್ಮನಿರುತ್ತಾರೆ. ಎಲ್ಲ ಹುಳುವೂ ಜ್ವರ ಏಳುವ ಮುಂಚೆ ಅವಸರಪಟ್ಟು ಸೊಪ್ಪು ಹಾಕಿದರೆ ಎದ್ದವು ತಿಂದು ಮುಂದಾಗುತ್ತವೆ, ಏಳದವು ಹಿಂದುಳಿಯುತ್ತವೆ, ತಟ್ಟೆಯ ಹುಳು ಕೊನೆಯವರೆಗೂ ಒಂದೇ ಸಮ ಬರುವುದಿಲ್ಲ. ಜಗಳದ ಸಂಜೆ ಕೂತು ಸಂಗಾತಿಯ ಒಳ್ಳೆಯತನ ನೆನೆಯಲು ತಿಣುಕಬೇಡಿ. ಅದು ಸುಳ್ಳಾಗುತ್ತದೆ, ಸುಳ್ಳು ನೆನಪು ಅಭ್ಯಾಸದ ಬುಡಕ್ಕೇ ಹುಳಿ ಹಿಂಡುತ್ತದೆ. ಆ ದಿನ ಬರೀ ನಾಮ, ಆಮೇಲೆ ಹೆಸರು ಮೂರು ಸಲ, ಅಷ್ಟಕ್ಕೆ ಎದ್ದುಬಿಡಿ. ಮಾತಾಡಿ ಬಗೆಹರಿಸುವುದಿದ್ದರೆ ಇಬ್ಬರ ಜ್ವರವೂ ಎದ್ದ ಮೇಲೆ.

ಹೊಡೆತ, ಬೆದರಿಕೆ, ಕುಡಿದು ಬಂದು ಮೈಮೇಲೆ ಬೀಳುವುದು ಇರುವ ಮನೆಗೆ ಇದ್ಯಾವುದೂ ಮದ್ದಲ್ಲ. ಅಲ್ಲಿ ಹೆಂಗಸಿಗೆ ‘ಸ್ಮರಣೆ ಮಾಡಿ ಸಹಿಸಿಕೋ’ ಅನ್ನುವುದು ಪಾಪದ ಕೆಲಸ. 181 ಮಹಿಳಾ ಸಹಾಯವಾಣಿಯಿದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ಮೊದಲು ಅದು.

ನಮ್ಮ ಸೀಮೆಯ ಎರಡು ಬೆಟ್ಟಗಳಲ್ಲಿ ಒಂದು ಸ್ವಾರಸ್ಯವಿದೆ. ನಂದಿಯಲ್ಲಿ ತಪ್ಪಲಿಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ದೇವರಾಯನದುರ್ಗದಲ್ಲಿ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ದೇವರು ಒಬ್ಬನೇ, ಇರುವ ಬಗೆ ಎರಡು. ಮದುವೆಯಾದ ಜೋಡಿಗಳು ಮೊದಲು ಬರುವುದು ತಪ್ಪಲಿಗೆ. ನಂದಿಯ ದೇವಸ್ಥಾನದಲ್ಲಿ ಉಮಾಮಹೇಶ್ವರರ ಗುಡಿಯ ಮುಂದಿನ ಕಪ್ಪುಕಲ್ಲಿನ ಕಲ್ಯಾಣ ಮಂಟಪ ನೋಡಿ ದಂಗಾಗುತ್ತಾರೆ. ವರ್ಷಗಳು ಕಳೆದಂತೆ ಮೈಯ ಹಂಬಲ ತಗ್ಗಿ, ಮಾತು ಕಡಿಮೆಯಾಗಿ, ಒಬ್ಬರ ಪಕ್ಕ ಒಬ್ಬರು ಸುಮ್ಮನೆ ಕೂರುವ ಹೊತ್ತು ಹೆಚ್ಚಾಗುವುದನ್ನು ಪ್ರೀತಿ ಆರಿದ ಗುರುತೆಂದು ಹೆದರುವವರಿಗೆ ಈ ಎರಡು ಬೆಟ್ಟ ತೋರಿಸಬೇಕು ಅನ್ನಿಸುತ್ತದೆ. ತೊಂದರೆಯಾಗುವುದು ಒಬ್ಬರು ಮೇಲೆ ಹತ್ತಿ ಇನ್ನೊಬ್ಬರು ಕೆಳಗೇ ಉಳಿದಾಗ. ಆಗ ಮೇಲಿದ್ದವರೇ ಇಳಿದು ಬರಬೇಕಾಗುತ್ತದೆ, ಮಂಡಿ ನೋವಿದ್ದರೂ.

ಕೊನೆಯದಾಗಿ ಪಿತೃಪಕ್ಷದ ಎಡೆಯ ವಿಷಯ. ತೀರಿಕೊಂಡವರಿಗೆ ಎಡೆ ಇಡುವಾಗ ನಮ್ಮ ಮನೆಗಳ ಜ್ಞಾಪಕಶಕ್ತಿ ಬೆರಗು ಹುಟ್ಟಿಸುತ್ತದೆ. ಅಜ್ಜನಿಗೆ ಮುದ್ದೆ ಜೊತೆ ನಾಟಿಕೋಳಿ ಸಾರು, ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆ ಅಡಿಕೆ, ಸುಣ್ಣ ಕಡಿಮೆ. ಸಸ್ಯಾಹಾರದ ಮನೆಯಾದರೆ ಒಬ್ಬಟ್ಟಿಗೆ ಎಷ್ಟು ತುಪ್ಪ ಎಂಬ ಲೆಕ್ಕವೂ ತಪ್ಪುವುದಿಲ್ಲ. ಇದ್ದಾಗ ಅಜ್ಜನ ತಟ್ಟೆ ನೋಡಿ ಬಡಿಸಿದ್ದು ಎಷ್ಟು ದಿನವೋ. ಮಂಡಲ ಮುಗಿದ 48ನೇ ದಿನ ಜಪವಾದ ಮೇಲೆ ಒಂದು ಹಾಳೆಯಲ್ಲಿ ಸಂಗಾತಿಯ ಎಡೆ ಬರೆಯಿರಿ: ಏನು ಇಷ್ಟ, ಯಾವುದಕ್ಕೆ ಖಾರ ಮುಂದು, ಕಾಫಿಗೆ ಸಕ್ಕರೆಯೋ ಬೆಲ್ಲವೋ, ಯಾವ ಹೂವು, ಯಾವ ಹಾಡು. ಗೊತ್ತಿಲ್ಲದ ಸಾಲು ಖಾಲಿ ಬಿಡಿ, ಕೇಳಿ ತುಂಬಿಸಿ. ಬರುವ ಭಾನುವಾರ ಅದನ್ನೆಲ್ಲ ಮಾಡಿ, ಅವರು ಬಿಸಿಬಿಸಿಯಾಗಿ ಉಣ್ಣುತ್ತಿರುವಾಗ ಪಕ್ಕದಲ್ಲಿ ಕೂತು ಇನ್ನೊಂದು ತುತ್ತು ಹಾಕಿ.